ಬಕೆಟ್ ನೋಡಿ ನಗೋ ಮುಂಚೆ

ನಮ್ಮ ಮುಧೋಳಕ್ಕೆ ಸಮುದ್ರ ಇಲ್ಲ, ಬೆಲ್ಲದ ಗಾಣ ಇದೆ. ಕಬ್ಬಿನ ಹಾಲು ತೆಳ್ಳಗಿದ್ದಾಗ ಮೇಲಿನ ಕೊಳೆ ತೆಗೆಯೋದು ಸುಲಭ. ಪಾಕ ಗಟ್ಟಿಯಾದರೆ ಕೈ ಸೋಲುತ್ತೆ.

2017ರ ಜನವರಿ 28ರಂದು ಚೆನ್ನೈ ಹತ್ತಿರದ ಎನ್ನೋರ್‌ನಲ್ಲಿ ಎರಡು ಹಡಗು ಡಿಕ್ಕಿಯಾದಾಗಲೂ ಹೀಗೇ ಆಯ್ತು. ದಡಕ್ಕೆ ಬಂದ ಎಣ್ಣೆ ಕೆಸರಿನಷ್ಟು ದಪ್ಪ. ಪಂಪ್ ಎಳೆಯಲಿಲ್ಲ, ಜನ ಬಕೆಟ್‌ನಲ್ಲಿ ಮೊಗೆದರು. ಆ ಫೋಟೋ ನೋಡಿ ಎಷ್ಟೋ ಮಂದಿ ನಕ್ಕರು. ನನಗೆ ನಗು ಬರಲ್ಲ. ಮೈಕೈಗೆ ಎಣ್ಣೆ ಮೆತ್ತಿಕೊಂಡವರು ಅವರು, ಸರಿಯಾದ ಯಂತ್ರ ಕೊಡದವರು ಇಂಜಿನಿಯರ್‌ಗಳು.

ದೂರದ ಮಾತು ಅಂತೀರಾ? 2006ರಲ್ಲಿ ನಮ್ಮ ಕಾರವಾರದಲ್ಲೂ ಓಷನ್ ಸೆರಾಯಾ ಹಡಗಿನಿಂದ ಎಣ್ಣೆ ಸೋರಿತ್ತು.

ವಿಸ್ಕಾಸಿಟಿ ಅಂದ್ರೆ ಪರೀಕ್ಷೆಗೆ ಓದಿ ಮರೆಯೋ ಡೆಫಿನಿಷನ್ ಅಲ್ಲ. ಪಂಪ್ ಹೀರಲಾರದ ಗಟ್ಟಿ ಎಣ್ಣೆ ಸುತ್ತುವ ಬೆಲ್ಟ್‌ಗೆ ಅಂಟುತ್ತೆ, ಬ್ಲೇಡ್‌ನಿಂದ ಕೆರೆದು ತೆಗೀಬಹುದು. ಮಿನಿ ಪ್ರಾಜೆಕ್ಟ್‌ಗೆ ಮತ್ತೊಂದು ಲೈನ್ ಫಾಲೋವರ್ ಯಾಕೆ? ಇದನ್ನೇ ಮಾಡೋಣ.