ನಾಲ್ಕು ಸ್ಕ್ರೂಗಳ ಕನಸು

ಎಲೆಕ್ಟ್ರಿಕ್ ಗಿಟಾರಿನ ಕನಸನ್ನು ಹದಿಹರೆಯದಲ್ಲಿ ಕಂಡು, ಸಾಲ ತೀರಿದ ಮೇಲೆ ನಡುವಯಸ್ಸಿನಲ್ಲಿ ಅಂಗಡಿಗೆ ಹೋಗುವವರಲ್ಲಿ ಹಲವರು ಬೆರಳು ತೋರುವುದು ಎರಡು ಕೊಂಬಿನ ಒಂದು ಆಕಾರದ ಕಡೆಗೆ: ಫೆಂಡರ್ ಸ್ಟ್ರಾಟೋಕಾಸ್ಟರ್. 1954ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಇದನ್ನು ಹೊರತಂದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆತ ರೇಡಿಯೊ ರಿಪೇರಿಯಿಂದ ಬಂದವನು. ಈ ವಾದ್ಯ ಅರ್ಥವಾಗಬೇಕಾದರೆ ಮೊದಲು ಆ ಕಸುಬನ್ನು ನೆನಪಿಡಬೇಕು.

ಫೆಂಡರ್ ಬರುವವರೆಗೆ ಗಿಟಾರಿನ ನೆಕ್ಕನ್ನು, ಅಂದರೆ ಉದ್ದನೆಯ ಕತ್ತನ್ನು, ಒಡಲಿಗೆ ಅಂಟು ಹಾಕಿ ಕೂರಿಸುವುದು ವಾಡಿಕೆ. ನೆಕ್ ಕೆಟ್ಟರೆ ನುರಿತ ಕುಶಲಕರ್ಮಿಯನ್ನೇ ಹುಡುಕಬೇಕಿತ್ತು. ಫೆಂಡರ್ ಅದನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದ. ಮುಂಭಾಗದ ಪ್ಲಾಸ್ಟಿಕ್ ಹಲಗೆ ಬಿಚ್ಚಿದರೆ ತಂತಿಯ ಕಂಪನ ಹಿಡಿಯುವ ಪಿಕಪ್, ಸ್ವಿಚ್, ವೈರುಗಳು ಅದಕ್ಕೆ ಅಂಟಿಕೊಂಡೇ ಮೇಲೆದ್ದು ಬರುತ್ತವೆ, ಹಳೆಯ ರೇಡಿಯೊದ ಹಿಂಬದಿ ತೆಗೆದಂತೆ. ಹಿಂದಿನ ಮಾದರಿಯಾದ ಟೆಲಿಕಾಸ್ಟರಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ವಾದಕರು ಗೊಣಗಿದ್ದರು. ಹೊಸದರಲ್ಲಿ ಆ ಅಂಚನ್ನು ಕೆತ್ತಿ ಮೈಗೆ ಒಗ್ಗುವಂತೆ ಮಾಡಲಾಯಿತು. ಬೆಲೆ 249 ಡಾಲರ್ 50 ಸೆಂಟ್.

ಎಲೆಕ್ಟ್ರಿಕ್ ಗಿಟಾರಿಗೆ ತಂತಿ ಉಕ್ಕಿನದೇ ಆಗಬೇಕು, ನೈಲಾನ್ ನಡೆಯದು. ಪ್ರತಿ ಪಿಕಪ್‌ನಲ್ಲಿ ಆರು ಪುಟ್ಟ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುಮಾರು 8,000 ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಡಿ ಸುರುಳಿಯಲ್ಲಿ ಅದೇ ಲಯದ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರ್, ಅಂದರೆ ಆಂಪ್‌ನ ಕೆಲಸ. ಹಾಗಾಗಿ ಇಡೀ ಹಣವನ್ನು ಗಿಟಾರಿಗೆ ಸುರಿದು ಅಗ್ಗದ ಆಂಪ್ ತಂದವರು ಅರ್ಧ ವಾದ್ಯವನ್ನಷ್ಟೇ ಕೊಂಡಂತೆ.

ಪಿಕಪ್ ಮೂರು, ಆರಂಭದಲ್ಲಿ ಸ್ವಿಚ್ಚಿಗೂ ಮೂರೇ ಸ್ಥಾನ. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿದಾಗ ಎರಡು ಪಿಕಪ್ ಒಟ್ಟಿಗೆ ನುಡಿದು, ತುಸು ಮೂಗಿನಿಂದ ಬಂದಂಥ ತೆಳು ನಾದವೊಂದು ಸಿಕ್ಕಿತು. ವಿನ್ಯಾಸಕಾರ ಎಣಿಸಿಯೇ ಇರದ ಈ ನಾದ ಎಷ್ಟು ಹಿಡಿಸಿತೆಂದರೆ, 1977ರ ಹೊತ್ತಿಗೆ ಕಂಪನಿಯೇ ಐದು ಸ್ಥಾನದ ಸ್ವಿಚ್ ಕೊಡತೊಡಗಿತು.

ಈ ಗಿಟಾರ್ ಕನಸಿನ ವಸ್ತುವಾದುದಕ್ಕೆ ನಾದದಷ್ಟೇ ಅಭಾವವೂ ಕಾರಣ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಅಮೆರಿಕದ ವಾದ್ಯಗಳ ಆಮದಿಗೆ 1959ರವರೆಗೆ ತಡೆಯಿತ್ತು. ಆ ವರ್ಷ ಗಾಯಕ ಕ್ಲಿಫ್ ರಿಚರ್ಡ್ ತನ್ನ ತಂಡದ ಹ್ಯಾಂಕ್ ಮಾರ್ವಿನ್‌ಗಾಗಿ ಕೆಂಪು ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಒಂದನ್ನು ತರಿಸಿದ. ಅದನ್ನು ಕಂಡ ಒಂದು ತಲೆಮಾರಿನ ಹುಡುಗರಿಗೆ ಗಿಟಾರ್ ಎಂದರೆ ಕೆಂಪೇ ಆಯಿತು. ಅವರಲ್ಲೊಬ್ಬ ಮಾರ್ಕ್ ನಾಪ್ಫ್ಲರ್. ತಂದೆಗೆ ಫೆಂಡರಿನ ಬೆಲೆ ಎಟುಕಲಿಲ್ಲ. 50 ಪೌಂಡಿನ ಹಾಫ್ನರ್ ಕೊಡಿಸಿದರು. ಬಣ್ಣವಾದರೂ ಕೆಂಪಿರಬೇಕೆಂದು ಹುಡುಗ ಹಟ ಹಿಡಿದಿದ್ದ. ನಿಜವಾದ ಸ್ಟ್ರಾಟ್ ಕೈಗೆ ಬಂದದ್ದು ದೊಡ್ಡವನಾದ ಮೇಲೆ. ಅವನ 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಕೇಳುವುದು ಸ್ವಿಚ್ಚಿನ ಎರಡು ಸ್ಥಾನಗಳ ನಡುವಿನ ಅದೇ ತೆಳು ನಾದ.

ಮರದ ವಿಷಯಕ್ಕೆ ಬಂದರೆ ಕಥೆ ಪಶ್ಚಿಮ ಘಟ್ಟಕ್ಕೂ ತಾಗುತ್ತದೆ. ಬೆರಳು ಓಡುವ ಹಲಗೆ ಮೊದಲು ಮೇಪಲ್‌ನದಾಗಿತ್ತು. ಮೆರುಗು ಸವೆದು ಕೊಳೆ ಕೂರುತ್ತಿತ್ತು. 1959ರಲ್ಲಿ ರೋಸ್‌ವುಡ್ ಬಂತು, ಮೊದಲು ಬ್ರೆಜಿಲಿನದು, 60ರ ದಶಕದಲ್ಲಿ ಭಾರತದ್ದು. ಭಾರತದ ರೋಸ್‌ವುಡ್ ಎಂದರೆ ಮಲೆನಾಡಿನ ಹಳೆಯ ಮನೆಗಳ ಮಂಚ, ಕಪಾಟುಗಳಾಗಿರುವ ಬೀಟೆ. 2017ರಲ್ಲಿ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಬೀಟೆಯೂ ಅದರ ಬಳಗದ ಉಳಿದ ಮರಗಳೂ ಸೇರಿದಾಗ, ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. ಫೆಂಡರ್ ತನ್ನ ಮೆಕ್ಸಿಕೊ ಮಾದರಿಗಳಿಗೆ ಪಾವ್ ಫೆರೋ ಎಂಬ ಬೇರೆ ಮರ ಹಿಡಿಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಇಂದು ಒಂದೇ ಆಕಾರ ಮೂರು ಮೆಟ್ಟಿಲಿನಲ್ಲಿ ಸಿಗುತ್ತದೆ: ಅಮೆರಿಕದ್ದು, ಮೆಕ್ಸಿಕೊದ್ದು, ಏಷ್ಯಾದಲ್ಲಿ ತಯಾರಾಗುವ ಸ್ಕ್ವೈಯರ್. ಮೇಲಿನದನ್ನೇ ಕೊಳ್ಳಬೇಕೆಂಬ ಹಂಬಲ ಸಹಜ, ಆದರೆ ಹೆಸರುವಾಸಿ ಸ್ಟ್ರಾಟ್‌ಗಳ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ ‘ಬ್ಲಾಕಿ’ ನ್ಯಾಶ್‌ವಿಲ್‌ನಲ್ಲಿ ಅಗ್ಗಕ್ಕೆ ಕೊಂಡ ಹಳೆಯ ಮೂರು ಗಿಟಾರುಗಳ ಒಳ್ಳೆಯ ಭಾಗ ಆಯ್ದು ಜೋಡಿಸಿದ್ದು. 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಇನ್ನೊಬ್ಬ ವಾದಕ ಡೇವಿಡ್ ಗಿಲ್ಮರ್‌ನ ಕಪ್ಪು ಸ್ಟ್ರಾಟ್ 2019ರಲ್ಲಿ ಸುಮಾರು 40 ಲಕ್ಷ ಡಾಲರ್ ತಂದಿತು. ಅದರ ನೆಕ್, ಪಿಕಪ್‌ಗಳು ನಡುವೆ ಬದಲಾಗಿದ್ದವು. ಕೊಂಡವನಿಗೆ, ಗಿಲ್ಮರ್ 1970ರಲ್ಲಿ ಕೊಂಡಿದ್ದ ಗಿಟಾರಿನಲ್ಲಿ ಎಷ್ಟು ಭಾಗ ಸಿಕ್ಕಿತೆಂಬುದು ತರ್ಕಶಾಸ್ತ್ರದವರಿಗೆ ಬಿಟ್ಟದ್ದು.

ಮನೆಗೆ ಬಂದ ಗಿಟಾರ್ ಅಂಗಡಿಯಲ್ಲಿ ನುಡಿದಂತೆ ನುಡಿಯದಿದ್ದರೆ ಬಹುಮಟ್ಟಿಗೆ ದೋಷ ಹೊಂದಿಕೆಯಲ್ಲಿರುತ್ತದೆ. ವೀಣೆಯಲ್ಲಿ ಮೇಣದ ಮೇಲೆ ಕೂತ ಮೆಟ್ಟಿಲುಗಳನ್ನು ಆಗಾಗ ಸರಿಪಡಿಸುವಂತೆ, ಇದರ ನೆಕ್ಕನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮರ ತೇವ ಹೀರಿದಾಗ ನೆಕ್ಕಿನ ಬಾಗು ಬದಲಾಗಿ ತಂತಿಗೂ ಲೋಹದ ಮೆಟ್ಟಿಲಾದ ಫ್ರೆಟ್ಟಿಗೂ ಇರುವ ಅಂತರ ಕೆಡುತ್ತದೆ. ತಂತಿ ಒತ್ತಲು ಬಿಗಿಯಾಗುತ್ತದೆ, ಇಲ್ಲವೇ ಜಿರ್ ಎನ್ನುತ್ತದೆ. ನೆಕ್ಕಿನೊಳಗೆ ಹುದುಗಿರುವ ಉಕ್ಕಿನ ಸರಳನ್ನು, ಪೆಟ್ಟಿಗೆಯ ಜೊತೆ ಬರುವ ಪುಟ್ಟ ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಬೇಕು. ಮರ ನಿಧಾನವಾಗಿ ಮಣಿಯುವುದರಿಂದ ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು, ಬೇಕಾದರೆ ಇನ್ನೊಂದು ಕಾಲು ಸುತ್ತು.