ಗಾಳಿಯೊಳಗಿನ ನೀರಿನ ಲೆಕ್ಕ

ಮಳೆಗಾಲ ಬಂದಿತೆಂದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ವಸ್ತುಗಳಿಗೆ ಕಷ್ಟಕಾಲ: ಒಂದು ಹಪ್ಪಳ, ಇನ್ನೊಂದು ಪುಸ್ತಕ. ಹಪ್ಪಳವನ್ನು ಗೃಹಿಣಿಯರು ಡಬ್ಬಿಗೆ ತುಂಬಿ ಭದ್ರಪಡಿಸುತ್ತಾರೆ. ಪುಸ್ತಕದ ಯೋಗಕ್ಷೇಮ ವಿಚಾರಿಸುವವರು ಕಡಿಮೆ. ಊರಿನಿಂದ ಟ್ರಂಕಿನಲ್ಲಿ ಹೊತ್ತು ತಂದ ಹಳೆಯ ಗ್ರಂಥ, ತಾತನ ಕೈಬರಹದ ವಹಿ, ಜಮೀನಿನ ಪತ್ರ, ಇವು ಬೂಷ್ಟು ಹಿಡಿದು ಹೋದರೆ ಮತ್ತೆ ಯಾವ ಅಂಗಡಿಯಲ್ಲಿಯೂ ದೊರೆಯುವುವಲ್ಲ. ಆದುದರಿಂದ ಈ ಸಲ ನಮ್ಮ ಪುಟವನ್ನು ಗಾಳಿಯ ತೇವಕ್ಕೆ ಮೀಸಲಿಟ್ಟಿದ್ದೇವೆ.

ಅಂಗೈಯಗಲದ ಆರ್ದ್ರತಾಮಾಪಕವು ಈಗ ಕೆಲವು ನೂರು ರೂಪಾಯಿಗೆ ಸಿಕ್ಕುತ್ತದೆ. ಅದು ಉಷ್ಣತೆಯನ್ನೂ ಆರ್ದ್ರತೆಯನ್ನೂ ತೋರಿಸುತ್ತದೆ. ಜನರು ಎರಡನೆಯದನ್ನು ಮಾತ್ರ ಓದಿ ತೀರ್ಪು ಕೊಟ್ಟುಬಿಡುತ್ತಾರೆ: ಹೊರಗೆ ಶೇಕಡಾ 90, ಒಳಗೆ 80; ಹಾಗಾದರೆ ಕಿಟಕಿ ಮುಚ್ಚಿ!

ಶೇಕಡಾ ಎಂದರೆ ಯಾವುದರ ಶೇಕಡಾ? ಇದನ್ನು ಕೇಳುವುದು ಗುಮಾಸ್ತರಾದ ನಮ್ಮ ವೃತ್ತಿಧರ್ಮ. ತುಟ್ಟಿಭತ್ಯೆ ಶೇಕಡಾ ಇಷ್ಟು ಎಂದೊಡನೆ, ಮೂಲವೇತನ ಎಷ್ಟೆಂದು ಕೇಳದ ಗುಮಾಸ್ತನುಂಟೆ? ಗಾಳಿಗೂ ಒಂದು ಮೂಲವೇತನವಿದೆ. ಅದು ಉಷ್ಣತೆಯೊಡನೆ ಏರಿಳಿಯುತ್ತದೆ. ಒಂದು ಘನ ಮೀಟರು ಜಾಗದಲ್ಲಿ 10 ಡಿಗ್ರಿಯಲ್ಲಿ ಹೆಚ್ಚೆಂದರೆ 9 ಗ್ರಾಮು ನೀರಾವಿ ಹಿಡಿಸೀತು. 20 ಡಿಗ್ರಿಯಲ್ಲಿ 17. 30 ಡಿಗ್ರಿಯಲ್ಲಿ 30 ಗ್ರಾಮು. ಮಾಪಕ ತೋರಿಸುವ ಶೇಕಡಾ ಈ ಮಿತಿಯ ಮೇಲೆ ಹಾಕಿದ್ದು.

ಜನವರಿಯ ದೆಹಲಿಯಲ್ಲಿ ಮಂಜು ಕವಿದ ಬೆಳಗು, 8 ಡಿಗ್ರಿ, ಆರ್ದ್ರತೆ ಶೇಕಡಾ 95 ಎನ್ನೋಣ. ಅದೇ ಮಧ್ಯಾಹ್ನ ಮುಂಬಯಿಯಲ್ಲಿ 32 ಡಿಗ್ರಿ, ಶೇಕಡಾ 40. ಯಾವ ಗಾಳಿಯಲ್ಲಿ ನೀರಾವಿ ಹೆಚ್ಚು? ದೆಹಲಿಯದರಲ್ಲಿ ಘನ ಮೀಟರಿಗೆ ಸುಮಾರು 8 ಗ್ರಾಮು, ಮುಂಬಯಿಯದರಲ್ಲಿ 13.5! ದೆಹಲಿಯ ಬಂಧುಗಳು ಮಂಜಿನ ನಡುವೆ ಕುಳಿತೂ ಒಡೆದ ತುಟಿಗೆ ಬೆಣ್ಣೆ ಹಚ್ಚಿಕೊಳ್ಳುವುದೇಕೆಂದು ಈಗ ತಿಳಿಯಿತಷ್ಟೆ. ಆ ಗಾಳಿಯನ್ನೇ ಹೀಟರಿನಿಂದ 20 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇಕಡಾ 44ಕ್ಕೆ ಇಳಿಯುತ್ತದೆ.

ಈ ಗುಣಾಕಾರ ಭಾಗಾಕಾರಗಳನ್ನು ನಾವು ಕೈಯಿಂದ ಮಾಡಿದುದಲ್ಲ. ಹಿಂದೆ ಒಣ ಉಷ್ಣಮಾಪಕ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಇವೆರಡನ್ನೂ ನೋಡಿ, ಕೋಷ್ಟಕದ ಮೇಲೆ ಬೆರಳಿಟ್ಟು ಹುಡುಕಬೇಕಾಗಿತ್ತು. ಈಗ ಫೋನಿನಲ್ಲಿ ಇದಕ್ಕೆಂದೇ ಲೆಕ್ಕದ ತಂತ್ರಾಂಶಗಳಿವೆ. ಉಷ್ಣತೆ, ಶೇಕಡಾ ಎರಡನ್ನೂ ಒತ್ತಿದರೆ ಗ್ರಾಮಿನ ಲೆಕ್ಕವೂ ಇಬ್ಬನಿ ಬಿಂದುವೂ ಕೂಡಲೇ ಬರುತ್ತವೆ. ಜರ್ಮನಿಯ ಮ್ಯಾಗ್ನಸ್ 1844ರಲ್ಲಿ ಕೊಟ್ಟ ಸೂತ್ರವೇ ಇಂಥ ಅನೇಕ ತಂತ್ರಾಂಶಗಳ ಒಳಗೆ ಇಂದಿಗೂ ದುಡಿಯುತ್ತಿದೆ. ಯಾವ ಉಷ್ಣತೆಗೆ ತಣಿದರೆ ಗಾಳಿ ನೀರು ಬಿಟ್ಟೀತೋ ಅದೇ ಇಬ್ಬನಿ ಬಿಂದು. ನಮ್ಮ ಮನೆಯವರ ಅಭಿಪ್ರಾಯದಲ್ಲಿ ಇದಕ್ಕೆಲ್ಲ ಒಂದು ಒಳ್ಳೆಯ ಡಬ್ಬಿ ಸಾಕು. ಹಪ್ಪಳಕ್ಕೆ ಸಾಕು, ಒಪ್ಪಿದೆವು.

ಇನ್ನು ಕಿಟಕಿಯ ವಿಚಾರ. ಮಳೆ ನಿಂತ ಮೇಲೆ ಹೊರಗೆ 25 ಡಿಗ್ರಿ, ಶೇಕಡಾ 90. ಒದ್ದೆ ಬಟ್ಟೆ ಹರವಿದ ಒಳಗಿನ ಕೋಣೆಯಲ್ಲಿ 30 ಡಿಗ್ರಿ, ಶೇಕಡಾ 80. ತಂತ್ರಾಂಶ ಹೇಳುವುದು: ಹೊರಗೆ 20.7 ಗ್ರಾಮು, ಒಳಗೆ 24.2. ಒಣಗಿರುವುದು ಹೊರಗಿನದೇ! ಕಾಲು ಗಂಟೆ ಕಿಟಕಿ ತೆರೆದು ಗಾಳಿ ಬದಲಾಯಿಸಿ ಮುಚ್ಚಿರಿ. ಗೋಡೆಯ ಕಾವಿನಿಂದ ಹೊಸ ಗಾಳಿ ಮತ್ತೆ 30 ಡಿಗ್ರಿಗೇರಿದರೆ ಆರ್ದ್ರತೆ ಶೇಕಡಾ 67ರ ಸುಮಾರಿಗೆ ನಿಲ್ಲುತ್ತದೆ. ಒದ್ದೆ ಬಟ್ಟೆಯನ್ನು ಮಾತ್ರ ಮೊದಲು ಆಚೆ ಸಾಗಿಸಬೇಕು. ಶೇಕಡಾ 70ನ್ನು ದಾಟಿ ದಿನಗಟ್ಟಲೆ ನಿಂತರೆ ಕಾಗದಕ್ಕೆ ಬೂಷ್ಟಿನ ಭಯ. ಇಡೀ ದಿನ ತೆರೆದಿಟ್ಟು ಕೋಣೆಯನ್ನೇ 25 ಡಿಗ್ರಿಗೆ ತಣಿಸಿದಿರೋ, ಒಳಗೂ 90 ಆಗಿ ಕೂತೀತು.

ಹವಾನಿಯಂತ್ರಿತ ಕೋಣೆಯ ಕಥೆ ಇದಕ್ಕೆ ತಿರುವುಮುರುವು. ನಾವು ಕಂಡ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ, ಜುಲೈ ತಿಂಗಳ ಒಂದು ಮಧ್ಯಾಹ್ನ ವಿದ್ಯುತ್ತು ಹೋಯಿತು. ಸೆಕೆಯೆಂದು ಕಿಟಕಿಗಳನ್ನೆಲ್ಲ ತೆರೆದರು. 30 ಡಿಗ್ರಿಯ, ಶೇಕಡಾ 80ರ ಗಾಳಿಗೆ ಇಬ್ಬನಿ ಬಿಂದು 26; ಉಕ್ಕಿನ ಬೀರು ಇನ್ನೂ 22ರಲ್ಲಿಯೇ ತಣ್ಣಗಿತ್ತು. ಮಜ್ಜಿಗೆಯ ಲೋಟದ ಹೊರಮೈಯಂತೆ ಬೀರು ಬೆವರಿತು. ಬಾಗಿಲು ತೆರೆದಿದ್ದ ಬೀರುವಿನ ಕಡತಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡುವು. ಶಾಯಿಯ ಸಹಿಗಳು ಹರಡಿದುವು. ಅದರಲ್ಲಿ ಯಾರ ಯಾರ ನಿವೃತ್ತಿವೇತನದ ಆಧಾರವಿತ್ತೋ! ಬೀರುಗಳು ಕೋಣೆಯಷ್ಟೇ ಬೆಚ್ಚಗಾಗುವ ತನಕ ಕಿಟಕಿಯನ್ನು ಮುಟ್ಟಬಾರದಾಗಿತ್ತು. ಮನೆಯ ಬೀರುವಿಗೂ ಇದೇ ಕಟ್ಟಳೆ.

ತಂತ್ರಾಂಶವು ಎರಡು ದಶಮಾಂಶ ಸ್ಥಾನಗಳವರೆಗೆ ಉತ್ತರ ಕೊಡುತ್ತದೆಂದು ಹಿಗ್ಗಬೇಡಿರಿ. ಅಗ್ಗದ ಮಾಪಕದ ಓದಿನಲ್ಲಿಯೇ ಐದು ಅಂಶ ಹೆಚ್ಚುಕಡಿಮೆ ಇರುವುದುಂಟು. ಅದನ್ನು ಪರೀಕ್ಷಿಸಲು ಅಡಿಗೆಮನೆಯ ಉಪ್ಪು ಸಾಕು. ಸೀಸೆಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕರಗಿ ನೀರಾಗದಂತೆ ಕೆಲವೇ ಹನಿ ನೀರು ಬಿಟ್ಟು ಒದ್ದೆ ಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 79 ತೋರಿಸಿದರೆ, ಮುಂದೆ ಓದಿದಾಗಲೆಲ್ಲ ನಾಲ್ಕು ಕಳೆದು ತಂತ್ರಾಂಶಕ್ಕೆ ಕೊಡಿ. ಡಬ್ಬಿಯನ್ನು ಮಾತ್ರ ಹಪ್ಪಳದ್ದನ್ನೇ ಎತ್ತಿಕೊಳ್ಳುವ ಮೊದಲು ಮನೆಯವರ ಅಪ್ಪಣೆ ಪಡೆಯುವುದು ಕ್ಷೇಮ.