ಪದ ಕಟ್ಟಿದವರ ಹೆಸರು

ಹಾಡು ಜನರ ಕಿವಿಗೆ ಬೀಳುವುದು ಗಾಯಕರ ಕಂಠದಿಂದ. ಆದುದರಿಂದ ಅದು ಗಾಯಕರ ಹೆಸರಿನಲ್ಲಿಯೇ ನೆನಪಿನಲ್ಲಿ ನಿಲ್ಲುತ್ತದೆ. ಪದ ಕಟ್ಟಿದವರು ಮರೆಗೆ ಸರಿಯುತ್ತಾರೆ. ಇದಕ್ಕೆ ಹೊಸೂರು ಸೀಮೆಯಲ್ಲಿಯೇ ಒಂದು ನಿದರ್ಶನವಿದೆ.

‘ಕುರೈ ಒನ್ರುಮ್ ಇಲ್ಲೈ’ ಎಂಬ ತಮಿಳು ಭಕ್ತಿಗೀತೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹಾಡೆಂದೇ ಪ್ರಸಿದ್ಧ. ಅದನ್ನು ರಚಿಸಿದವರು ತೊರಪಲ್ಲಿ ಅಗ್ರಹಾರದಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿ. ಹೊಸೂರಿನ ಶಾಲೆಯಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಕಲಿತು, ಸೇಲಂನಲ್ಲಿ ವಕೀಲಿ ನಡೆಸಿದ ರಾಜಾಜಿಯವರು ಮುಂದೆ ಭಾರತದ ಗವರ್ನರ್ ಜನರಲ್ ಆದರು. ಅಧಿಕಾರದ ಹೊಣೆಗಳು ಕಳೆದ ಬಳಿಕ, ಇಳಿವಯಸ್ಸಿನಲ್ಲಿ ಅವರು ಬರೆದ ಈ ಗೀತೆಗೆ ಕಡಯನಲ್ಲೂರು ವೆಂಕಟರಾಮನ್ ಶಿವರಂಜನಿ, ಕಾಪಿ, ಸಿಂಧುಭೈರವಿ ರಾಗಗಳಲ್ಲಿ ಸ್ವರ ಸಂಯೋಜಿಸಿದರು. 1966ರಲ್ಲಿ ಸುಬ್ಬುಲಕ್ಷ್ಮಿಯವರು ವಿಶ್ವಸಂಸ್ಥೆಯಲ್ಲಿ ಹಾಡಿದ ಇಂಗ್ಲಿಷ್ ಪ್ರಾರ್ಥನೆಯೂ ರಾಜಾಜಿಯವರ ರಚನೆಯೇ.

ಕನ್ನಡದಲ್ಲಿಯೂ ಇದೇ ಕಥೆ. ಚಿ. ಉದಯಶಂಕರ್ ಬರೆದ ಎಷ್ಟೋ ಗೀತೆಗಳು ‘ರಾಜಕುಮಾರ್ ಹಾಡು’ಗಳಾಗಿಯೇ ಮನೆಮಾತಾಗಿವೆ. ಭಾವಗೀತೆಯ ಕ್ಷೇತ್ರ ಮಾತ್ರ ತುಸು ಭಿನ್ನ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಾಗ ಹಾಡಿನೊಡನೆ ನಿಸಾರ್ ಅಹಮದರ ಹೆಸರೂ ಮನೆಮನೆಗೆ ತಲುಪಿತು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ನಿರ್ಮಾಪಕರಿಂದ ಹಣ ಪಡೆದು ಚಿತ್ರಕ್ಕೆ ಗೀತೆ ಬರೆದವರಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಅದರ ಹಕ್ಕುಸ್ವಾಮ್ಯ ಉಳಿಯದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಂಭಾವನೆ ಪಡೆದಲ್ಲಿಗೆ ಕವಿಯ ಸಂಬಂಧ ಮುಗಿದಂತಾಯಿತು. 2012ರ ತಿದ್ದುಪಡಿ ಈ ಸ್ಥಿತಿಯನ್ನು ಸರಿಪಡಿಸಿತು: ಚಿತ್ರಮಂದಿರದಲ್ಲಿ ಚಿತ್ರದೊಡನೆ ನಡೆಯುವ ಪ್ರದರ್ಶನದ ಹೊರತು ಇತರ ಬಳಕೆಗಳಿಂದ ಬರುವ ರಾಯಧನದಲ್ಲಿ ಗೀತೆ ಬರೆದವರಿಗೆ ಸಮಪಾಲು ಸಲ್ಲಬೇಕು, ಅದನ್ನು ಒಪ್ಪಂದದ ಮೂಲಕ ನಿರ್ಮಾಪಕರು ಕಸಿದುಕೊಳ್ಳುವಂತಿಲ್ಲ. ಸಾಹಿತ್ಯಕೃತಿಯ ಹಕ್ಕುಸ್ವಾಮ್ಯ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಬಾಳುತ್ತದೆ. ರಾಜಾಜಿಯವರು ನಿಧನರಾದದ್ದು 1972ರಲ್ಲಿ. ಅವರ ಗೀತೆಗೆ 2032ರ ಕೊನೆಯವರೆಗೆ ಈ ರಕ್ಷಣೆಯುಂಟು.

ಹಾಗಾದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡಬಾರದೆ? ಧಾರಾಳವಾಗಿ ಹಾಡಬಹುದು. ಶಾಲಾ ಚಟುವಟಿಕೆಯ ಅಂಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಹಾಡಿದರೆ, ಕೇಳುಗರು ಶಾಲೆಯವರು ಹಾಗೂ ಪೋಷಕರಷ್ಟೇ ಆಗಿದ್ದರೆ, ಅನುಮತಿಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಹಕ್ಕುಸ್ವಾಮ್ಯ ಕಾಯಿದೆಯ 57ನೆಯ ಕಲಮು ಇನ್ನೊಂದು ಹಕ್ಕನ್ನು ಹೇಳುತ್ತದೆ. ಹಕ್ಕುಸ್ವಾಮ್ಯವನ್ನು ಮಾರಿಕೊಂಡ ಮೇಲೂ ‘ಇದು ನನ್ನ ರಚನೆ’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ.

ಶಾಲೆಗಳು ಈ ಋಣವನ್ನು ಸುಲಭವಾಗಿ ಸಲ್ಲಿಸಬಹುದು. ನಿರೂಪಣೆ ಮಾಡುವ ವಿದ್ಯಾರ್ಥಿ ಚಿತ್ರದ ಹೆಸರನ್ನೋ ಗಾಯಕರ ಹೆಸರನ್ನೋ ಹೇಳಿ ನಿಲ್ಲಿಸದೆ, ‘ಗೀತರಚನೆ ಇಂಥವರದು, ಸಂಗೀತ ಇಂಥವರದು’ ಎಂದು ಸೇರಿಸಿದರೆ ಸಾಕು. ಕನ್ನಡದ ಪುಸ್ತಕಗಳೇ ವಿರಳವಾಗಿರುವ ಗಡಿಯಾಚೆಯ ಊರುಗಳಲ್ಲಿ ಅನೇಕ ಮಕ್ಕಳಿಗೆ ಕವಿಯ ಹೆಸರು ಮೊದಲು ತಲುಪುವುದು ಇಂಥ ವೇದಿಕೆಯಿಂದಲೇ. ಮನೆಯಲ್ಲಿ ಹಾಡು ಕೇಳುವಾಗಲೂ ಹೆತ್ತವರು ‘ಇದನ್ನು ಬರೆದವರು ಯಾರು?’ ಎಂದು ಮಕ್ಕಳನ್ನು ಕೇಳಲಿ.